ಯಂತ್ರಾಗಾರದಲ್ಲಿ ಕಾನ್‌ಬಾನ್: ಒಂದೇ ಬಿಡಿಭಾಗದಿಂದ ಆರಂಭಿಸುವ ಬಗೆ

ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಮಧ್ಯಮ ಗಾತ್ರದ ಯಂತ್ರಾಗಾರವೊಂದರಲ್ಲಿ ಟರ್ನಿಂಗ್ (ಲೋಹವನ್ನು ತಿರುಗಿಸಿ ಕಡೆಯುವ) ವಿಭಾಗದಿಂದ ಗ್ರೈಂಡಿಂಗ್ (ಉಜ್ಜಿ ನುಣುಪಾಗಿಸುವ) ವಿಭಾಗದವರೆಗೆ ನಡೆದುಹೋದರೆ, ಅರ್ಧ ಕೆಲಸ ಮುಗಿದ ಮಾಲನ್ನು ತುಂಬಿದ ಬಿನ್‌ಗಳು ದಾರಿಯ ಎರಡೂ ಬದಿಯಲ್ಲಿ ಒಂದರ ಮೇಲೊಂದು ನಿಂತಿರುವುದು ಸಾಮಾನ್ಯ ನೋಟ. ಅಷ್ಟು ಮಾಲು ಕಣ್ಣೆದುರಿಗೇ ಇದ್ದರೂ ಸಂಜೆಯ ಡಿಸ್ಪ್ಯಾಚ್‌ಗೆ ಬೇಕಾದ ಒಂದು ಬುಶ್ (ಕೊಳವೆಯಂತಹ ಚಿಕ್ಕ ಬಿಡಿಭಾಗ) ಮಾತ್ರ ಎಲ್ಲಿಯೂ ಸಿಗುವುದಿಲ್ಲ. ಆಗ ಸೂಪರ್‌ವೈಸರ್ ಓಡಿ ಬಂದು, ಬೇರೆ ಬಿಡಿಭಾಗಕ್ಕೆ ಯಂತ್ರದಲ್ಲಿ ಹಾಕಿದ್ದ ಸೆಟ್ಟಿಂಗ್ (ಟೂಲ್‌ಗಳ ಜೋಡಣೆ) ಕಳಚಿಸಿ, ಈ ಬುಶ್‌ಗೆ ಹೊಸದಾಗಿ ಸೆಟ್ಟಿಂಗ್ ಹಾಕಿಸುತ್ತಾರೆ. ಕಳಚಿದ ಬಿಡಿಭಾಗ ಮರುದಿನದ ತುರ್ತು ಕೆಲಸವಾಗುತ್ತದೆ. ಬೇಡವಾದದ್ದು ರಾಶಿ ಬಿದ್ದಿದ್ದು ಬೇಕಾದದ್ದು ಇಲ್ಲದಿರುವ ಈ ಸ್ಥಿತಿ ಹುಟ್ಟುವುದು ಪ್ರತಿ ವಿಭಾಗವೂ ಮುಂದಿನ ವಿಭಾಗದ ಅಗತ್ಯವನ್ನು ನೋಡದೆ, ಕೈಗೆ ಬಂದ ಷೆಡ್ಯೂಲ್‌ನಂತೆ ತಯಾರಿಸಿ ಮುಂದಕ್ಕೆ ತಳ್ಳುತ್ತಾ ಹೋಗುವುದರಿಂದ. ಇದನ್ನು ತಿರುಗಿಸಿ, ಮುಂದಿನ ವಿಭಾಗ ತನಗೆ ಬೇಕಾದಷ್ಟನ್ನು ಹಿಂದಿನ ವಿಭಾಗದಿಂದ ಎಳೆದುಕೊಳ್ಳುವಂತೆ ಮಾಡುವ ಸಾಧನವೇ ಕಾನ್‌ಬಾನ್. ಇದನ್ನು ಒಂದು ಬಿಡಿಭಾಗದ ಮೇಲೆ, ಎರಡು ವಿಭಾಗಗಳ ನಡುವೆ, ಹೇಗೆ ಕಲಿತು ನಡೆಸಬಹುದು ಎಂಬುದನ್ನು ಈ ಲೇಖನ ಲೆಕ್ಕ ಸಹಿತ ವಿವರಿಸುತ್ತದೆ.

ಎಳೆಯುವ ಪದ್ಧತಿ ಎಂದರೇನು

ಜಪಾನಿ ಭಾಷೆಯಲ್ಲಿ ಕಾನ್‌ಬಾನ್ ಎಂದರೆ ಅಂಗಡಿಯ ಮುಂದೆ ಹಾಕುವ ಫಲಕ. ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಟೊಯೊಟಾ ಕಂಪನಿಯ ಯಂತ್ರ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ತೈಇಚಿ ಓನೊ ಅವರಿಗೆ ಹೆಚ್ಚು ಬಂಡವಾಳವೂ ಇರಲಿಲ್ಲ, ಹೆಚ್ಚು ಗೋದಾಮೂ ಇರಲಿಲ್ಲ. ಬೇಡಿಕೆಯಾದರೋ ಅನೇಕ ಬಗೆಯ ವಾಹನಗಳಿಗೆ ಸ್ವಲ್ಪ ಸ್ವಲ್ಪವಾಗಿ ಬರುತ್ತಿತ್ತು. ಅಮೆರಿಕದ ಸೂಪರ್‌ಮಾರ್ಕೆಟ್‌ಗಳಲ್ಲಿ ಗ್ರಾಹಕ ತನಗೆ ಬೇಕಾದುದನ್ನು ಬೇಕಾದಾಗ ತೆಗೆದುಕೊಂಡು ಹೋಗುತ್ತಾನೆ, ಅಂಗಡಿಯವರು ಖಾಲಿಯಾದ ಜಾಗವನ್ನಷ್ಟೇ ತುಂಬುತ್ತಾರೆ ಎಂಬ ಕ್ರಮವನ್ನು ತಿಳಿದ ಅವರು, ಅದನ್ನೇ ಯಂತ್ರಗಳ ನಡುವೆ ತಂದರು. ಮುಂದಿನ ವಿಭಾಗ ಗ್ರಾಹಕನಾಯಿತು, ಹಿಂದಿನ ವಿಭಾಗ ಅಂಗಡಿಯಾಯಿತು, ಖಾಲಿಯಾದದ್ದು ಎಷ್ಟು ಎಂದು ಹೇಳುವ ಚೀಟಿ, ಎಂದರೆ ಕಾರ್ಡ್, ಕಾನ್‌ಬಾನ್ ಆಯಿತು. 1950ರ ದಶಕದ ಆರಂಭದಲ್ಲಿ ಯಂತ್ರ ವಿಭಾಗದಲ್ಲಿ ಶುರುವಾದ ಈ ಕ್ರಮ ಇಡೀ ಕಂಪನಿಗೆ ಹರಡಲು ಸುಮಾರು 10 ವರ್ಷ ಹಿಡಿಯಿತು. ಈ 10 ವರ್ಷಗಳನ್ನು ಹೊಸಬರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಕಾರ್ಡ್ ಮುದ್ರಿಸುವುದು ಒಂದು ದಿನದ ಕೆಲಸವಾದರೂ ಅದರಂತೆ ನಡೆಯುವುದನ್ನು ಕಲಿಯಲು ಅದನ್ನು ರೂಪಿಸಿದವರಿಗೇ ಅಷ್ಟು ಕಾಲ ಬೇಕಾಯಿತು.

ನಮ್ಮ ಮನೆಗಳಲ್ಲಿ ಇದೇ ತತ್ತ್ವ ಮೊದಲಿನಿಂದಲೂ ಬಳಕೆಯಲ್ಲಿದೆ. ಅಡುಗೆ ಅನಿಲದ ಎರಡು ಸಿಲಿಂಡರ್ ಇರುವ ಮನೆಯಲ್ಲಿ ಒಂದು ಮುಗಿದಾಗ ಇನ್ನೊಂದನ್ನು ಜೋಡಿಸಿ, ಅಂದೇ ಮತ್ತೊಂದಕ್ಕೆ ಬುಕ್ ಮಾಡುತ್ತೇವೆ. ಖಾಲಿ ಸಿಲಿಂಡರೇ ಸೂಚನೆ. ಅದು ಖಾಲಿಯಾಗುವವರೆಗೆ ಹೊಸತು ಬರುವುದಿಲ್ಲ, ಖಾಲಿ ಸಿಲಿಂಡರ್ ಕೊಡದೆ ತುಂಬಿದ್ದನ್ನು ಕೊಡುವುದೂ ಇಲ್ಲ. ಹೀಗಾಗಿ ಮನೆಯಲ್ಲಿ ಎಂದೂ ಎರಡಕ್ಕಿಂತ ಹೆಚ್ಚು ಸಿಲಿಂಡರ್ ಇರಲು ಸಾಧ್ಯವಿಲ್ಲ. ಕಾನ್‌ಬಾನಿನ ತಿರುಳು ಈ ಕೊನೆಯ ವಾಕ್ಯದಲ್ಲಿದೆ. ಕಾರ್ಡ್ ಉತ್ಪಾದನೆಗೆ ಕೊಡುವ ಅನುಮತಿ. ಅನುಮತಿಗಳ ಸಂಖ್ಯೆ ನಿಗದಿಯಾಗಿರುವುದರಿಂದ ನಡುವೆ ನಿಲ್ಲುವ ಮಾಲಿಗೂ ಮಿತಿ ಬೀಳುತ್ತದೆ. ಕಾರ್ಡ್ ಬಂದಾಗ ತಯಾರಿಸುವುದು ಎಲ್ಲರಿಗೂ ಬರುತ್ತದೆ, ಕಾರ್ಡ್ ಇಲ್ಲದಾಗ ಯಂತ್ರವನ್ನು ನಿಲ್ಲಿಸುವುದನ್ನು ಮಾತ್ರ ಕಲಿಯಬೇಕಾಗುತ್ತದೆ, ಮತ್ತು ಹೆಚ್ಚಿನ ಕಾರ್ಖಾನೆಗಳು ಸೋಲುವುದೂ ಅಲ್ಲಿಯೇ.

ಯಾವ ಬಿಡಿಭಾಗದಿಂದ ಆರಂಭಿಸಬೇಕು

ಮೊದಲ ಹೆಜ್ಜೆಯಾಗಿ ದಿನವೂ ಅಥವಾ ವಾರಕ್ಕೆ ಹಲವು ಬಾರಿ ಹೋಗುವ, ಡ್ರಾಯಿಂಗ್ ಪದೇ ಪದೇ ಬದಲಾಗದ, ರಿಜೆಕ್ಷನ್ (ಕೆಟ್ಟು ತಿರಸ್ಕೃತವಾಗುವ ಪೀಸ್‌ಗಳು) ಹತೋಟಿಯಲ್ಲಿರುವ ಒಂದು ಬಿಡಿಭಾಗವನ್ನು ಆರಿಸಿಕೊಳ್ಳಿ. ವರ್ಷಕ್ಕೆ ಎರಡು ಬಾರಿ ಬರುವ ಆರ್ಡರಿಗೆ, ಗ್ರಾಹಕರು ಕೇಳಿದ ಅಳತೆಗೆ ತಕ್ಕಂತೆ ಒಂದೊಂದಾಗಿ ಮಾಡುವ ಕೆಲಸಕ್ಕೆ, ಇನ್ನೂ ಪ್ರಾಯೋಗಿಕ ಹಂತದಲ್ಲಿರುವ ಬಿಡಿಭಾಗಕ್ಕೆ ಈ ಕಾರ್ಡ್ ಪದ್ಧತಿ ಹೊಂದುವುದಿಲ್ಲ. ಏಕೆಂದರೆ ಇಲ್ಲಿ ಸ್ವಲ್ಪ ಮಾಲನ್ನು ಮೊದಲೇ ಮಾಡಿಟ್ಟು ಕಾಯುತ್ತೇವೆ, ಮತ್ತೆ ಯಾವಾಗ ಹೋಗುತ್ತದೆಂದು ತಿಳಿಯದ ಮಾಲನ್ನು ಮಾಡಿಡುವುದರಲ್ಲಿ ಅರ್ಥವಿಲ್ಲ. ಎಲ್ಲ ಬಿಡಿಭಾಗಗಳಿಗೂ ಒಂದೇ ದಿನ ಕಾರ್ಡ್ ಹಾಕುವ ಉತ್ಸಾಹವನ್ನು ದಯವಿಟ್ಟು ತಡೆದುಕೊಳ್ಳಿ. ನಾನು ಕೆಲಸ ಮಾಡಿದ ಒಂದು ಘಟಕದಲ್ಲಿ ಮೂರು ದಿನಗಳಲ್ಲಿ ನೂರಾರು ಕಾರ್ಡ್‌ಗಳನ್ನು ಲ್ಯಾಮಿನೇಟ್ ಮಾಡಿಸಿ ಹಂಚಿದೆವು. ತಿಂಗಳು ಕಳೆಯುವುದರೊಳಗೆ ಅರ್ಧದಷ್ಟು ಕಾರ್ಡ್‌ಗಳು ಸೂಪರ್‌ವೈಸರ್‌ಗಳ ಮೇಜಿನ ಡ್ರಾಯರಿನಲ್ಲಿದ್ದವು, ಬಿನ್‌ಗಳು ಮೊದಲಿನಂತೆಯೇ ದಾರಿಯಲ್ಲಿದ್ದವು. ಲೆಕ್ಕ ಸರಿಯಾಗಿತ್ತು, ಕಾರ್ಡ್‌ಗಳೂ ಅಚ್ಚುಕಟ್ಟಾಗಿದ್ದವು. ಆದರೆ ಒಂದು ಕಾರ್ಡ್ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಒಬ್ಬರಿಗೂ ಕಣ್ಣಾರೆ ತೋರಿಸಿರಲಿಲ್ಲ. ಒಂದು ಬಿಡಿಭಾಗವನ್ನು ಎರಡು ತಿಂಗಳು ತಪ್ಪದೆ ನಡೆಸಿದ ಮೇಲೆ ಎರಡನೆಯದಕ್ಕೆ ಹೋಗಿ.

ಉದಾಹರಣೆಗೆ ಒಂದು ಬುಶ್ ಇಟ್ಟುಕೊಳ್ಳೋಣ. ದಿನಕ್ಕೆ ಎರಡು ಶಿಫ್ಟ್, ಒಟ್ಟು 16 ಗಂಟೆ ಕೆಲಸ. ಗ್ರೈಂಡಿಂಗ್ ವಿಭಾಗ ಈ ಬುಶ್ಶನ್ನು ದಿನಕ್ಕೆ 800ರಂತೆ, ಎಂದರೆ ಗಂಟೆಗೆ 50ರಂತೆ, ಬಳಸುತ್ತದೆ. ಟರ್ನಿಂಗ್ ವಿಭಾಗದ ಒಂದು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರ ಒಂದು ಪೀಸಿಗೆ 45 ಸೆಕೆಂಡಿನಂತೆ ಇದನ್ನು ತಯಾರಿಸುತ್ತದೆ. ಅದೇ ಯಂತ್ರದಲ್ಲಿ ಇನ್ನೆರಡು ಚಿಕ್ಕ ಬಿಡಿಭಾಗಗಳೂ ಆಗಬೇಕಾಗಿದ್ದು, ಅವಕ್ಕೆ ದಿನಕ್ಕೆ ತಲಾ 1 ಗಂಟೆ ಬೇಕು. ಪ್ರತಿ ಸೆಟ್ಟಿಂಗಿಗೆ 1 ಗಂಟೆ. ಹೀಗೆ ಬುಶ್‌ಗೆ 10 ಗಂಟೆ, ಉಳಿದೆರಡಕ್ಕೆ 2 ಗಂಟೆ, ಮೂರು ಸೆಟ್ಟಿಂಗಿಗೆ 3 ಗಂಟೆ ಸೇರಿ 15 ಗಂಟೆಯಾಗುತ್ತದೆ. 1 ಗಂಟೆ ಉಳಿಯುತ್ತದೆ. ಈ ಕೂಡುವ ಲೆಕ್ಕವನ್ನು ಮೊದಲೇ ಮಾಡಬೇಕು. ಒಟ್ಟು 16 ಗಂಟೆಯನ್ನು ಮೀರಿದರೆ ಅದು ಯಂತ್ರದ ಸಾಮರ್ಥ್ಯದ ಕೊರತೆ, ಅದನ್ನು ಯಾವ ಕಾರ್ಡೂ ಪರಿಹರಿಸುವುದಿಲ್ಲ.

ಎಣಿಸಿ, ಅಳೆಯಿರಿ

ಕಂಪ್ಯೂಟರಿನ ಸ್ಟಾಕ್ ಪಟ್ಟಿಯನ್ನು ನಂಬದೆ, ನೀವೇ ಹೋಗಿ ಎರಡು ವಿಭಾಗಗಳ ನಡುವೆ ನಿಂತಿರುವ ಬುಶ್‌ಗಳನ್ನು ಎಣಿಸಿ. 3,000 ಇವೆ ಎಂದುಕೊಳ್ಳಿ. ಗಂಟೆಗೆ 50ರಂತೆ ಅವು ಮುಗಿಯಲು 60 ಗಂಟೆ, ಎಂದರೆ ಸುಮಾರು ಮೂರೂಮುಕ್ಕಾಲು ಕೆಲಸದ ದಿನ. ನಡುವೆ ನಿಂತ ಮಾಲನ್ನು ಅದು ಸಾಗುವ ವೇಗದಿಂದ ಭಾಗಿಸಿದರೆ ಕಾಯುವ ಕಾಲ ಸಿಗುತ್ತದೆ ಎಂಬ ಈ ಸಂಬಂಧವನ್ನು ಜಾನ್ ಲಿಟ್ಲ್ 1961ರಲ್ಲಿ ಗಣಿತದ ಮೂಲಕ ಸಾಧಿಸಿ ತೋರಿಸಿದರು. ಅದು ಲಿಟ್ಲ್ ನಿಯಮವೆಂದೇ ಹೆಸರಾಗಿದೆ. ಈ 60 ಗಂಟೆಯ ಅರ್ಥವನ್ನು ಟರ್ನಿಂಗ್ ಆಪರೇಟರ್ ಜೊತೆ ಕುಳಿತು ಮಾತನಾಡಿ. ಇಂದು ಬೆಳಿಗ್ಗೆ ಟೂಲ್ ಇನ್‌ಸರ್ಟ್ (ಕತ್ತರಿಸುವ ಅಲಗು) ಸವೆದು ಒಳವ್ಯಾಸ ಕೆಟ್ಟಿದ್ದರೆ, ಗ್ರೈಂಡಿಂಗ್‌ನವರಿಗೆ ಅದು ಗೊತ್ತಾಗುವುದು ನಾಲ್ಕನೆಯ ದಿನ. ಅಷ್ಟು ಹೊತ್ತಿಗೆ ಅದೇ ತಪ್ಪಿನ ಸಾವಿರಾರು ಪೀಸ್‌ಗಳು ಸಾಲಿನಲ್ಲಿ ನಿಂತಿರುತ್ತವೆ. ದಾಸ್ತಾನಿನಲ್ಲಿ ಸಿಕ್ಕಿಬಿದ್ದ ಹಣದ ಬಗ್ಗೆ ಎಲ್ಲರೂ ಹೇಳುತ್ತಾರೆ, ಆದರೆ ನನ್ನ ಅನುಭವದಲ್ಲಿ ಕೆಲಸಗಾರರ ಮನಸ್ಸನ್ನು ಒಪ್ಪಿಸುವುದು ಈ ರಿಜೆಕ್ಷನ್ನಿನ ಲೆಕ್ಕ.

ನಂತರ ಬಿನ್. ಒಬ್ಬರು ಬೆನ್ನಿಗೆ ತೊಂದರೆಯಾಗದಂತೆ ಎತ್ತಬಹುದಾದ, ಎಣಿಸದೆಯೇ ತುಂಬಿದೆಯೋ ಇಲ್ಲವೋ ಎಂದು ಕಾಣುವ, ಒಳಗೆ ಖಾನೆಗಳಿರುವ ಬಿನ್ ಉತ್ತಮ. ನಮ್ಮ ಬುಶ್‌ಗೆ 40 ಖಾನೆಯ ಬಿನ್ ಇರಲಿ. ಎಲ್ಲ ಬಿನ್‌ಗಳಲ್ಲೂ 40 ಇರಬೇಕು, 38 ಕೂಡ ಆಗದು, 43 ಕೂಡ ಆಗದು. ಕಾರ್ಡ್ ಹೇಳುವ ಸಂಖ್ಯೆಗೂ ಬಿನ್‌ನಲ್ಲಿರುವ ಸಂಖ್ಯೆಗೂ ವ್ಯತ್ಯಾಸ ಬಂದ ದಿನವೇ ಜನ ಮತ್ತೆ ಎಣಿಸಲು ಶುರುಮಾಡುತ್ತಾರೆ, ಮತ್ತು ಎಣಿಸಲು ಶುರುಮಾಡಿದವರು ಕಾರ್ಡನ್ನು ನೋಡುವುದಿಲ್ಲ.

ಕೊನೆಯದಾಗಿ ಮರುಪೂರಣದ ಕಾಲವನ್ನು ಅಳೆಯಿರಿ. ಗ್ರೈಂಡಿಂಗ್‌ನವರು ಒಂದು ಬಿನ್ ತೆಗೆದುಕೊಂಡು ಅದರ ಕಾರ್ಡನ್ನು ಕಳಚಿದ ಕ್ಷಣದಿಂದ, ಅದೇ ಕಾರ್ಡ್ ತುಂಬಿದ ಬಿನ್‌ನೊಂದಿಗೆ, ತಯಾರಾದ ಬಿನ್‌ಗಳನ್ನು ಇಡುವ ರ್ಯಾಕಿಗೆ ಮರಳುವವರೆಗಿನ ಪೂರ್ತಿ ಅವಧಿ ಇದು. ಯಂತ್ರದ ಸೈಕಲ್ ಟೈಮ್ (ಒಂದು ಪೀಸ್ ತಯಾರಾಗುವ ಸಮಯ) ಇದರಲ್ಲಿ ಒಂದು ಚಿಕ್ಕ ಭಾಗ ಮಾತ್ರ. ನಮ್ಮ ಉದಾಹರಣೆಯಲ್ಲಿ ಕಾರ್ಡ್‌ಗಳನ್ನು 2 ಗಂಟೆಗೊಮ್ಮೆ ಸಂಗ್ರಹಿಸುವುದರಿಂದ ಒಂದು ಕಾರ್ಡ್, ಕಳಚಿದ ಕಾರ್ಡ್‌ಗಳನ್ನು ಹಾಕುವ ಡಬ್ಬದಲ್ಲಿ 2 ಗಂಟೆಯವರೆಗೆ ಕಾಯಬಹುದು. ಯಂತ್ರ ಉಳಿದೆರಡು ಬಿಡಿಭಾಗಗಳಲ್ಲಿ ತೊಡಗಿದ್ದರೆ, ಅವುಗಳ ಸೆಟ್ಟಿಂಗ್ ಸೇರಿ 4 ಗಂಟೆ ಕಾಯಬೇಕು. ಬುಶ್‌ಗೆ ಸೆಟ್ಟಿಂಗ್ 1 ಗಂಟೆ, ಒಂದು ಬಿನ್ ತಯಾರಾಗಲು ಅರ್ಧ ಗಂಟೆ, ಇನ್‌ಸ್ಪೆಕ್ಷನ್ ಮುಗಿದು ರ್ಯಾಕಿಗೆ ಬರಲು ಅರ್ಧ ಗಂಟೆ. ಒಟ್ಟು 8 ಗಂಟೆ. ಈ ಅಳತೆಯನ್ನು ಕಚೇರಿಯಲ್ಲಿ ಕುಳಿತು ಊಹಿಸಬೇಡಿ. ಒಂದು ಬಿನ್‌ಗೆ ಸಮಯ ಬರೆದ ಚೀಟಿ ಕಟ್ಟಿ, ಒಂದು ವಾರ ಅದರ ಹಿಂದೆಯೇ ಹೋಗಿ ನೋಡಿ.

ಎಷ್ಟು ಕಾರ್ಡ್ ಬೇಕು

ಸೂತ್ರ ಸರಳವಾಗಿದೆ:

ಕಾರ್ಡ್‌ಗಳ ಸಂಖ್ಯೆ = ಗಂಟೆಯ ಬಳಕೆ × ಮರುಪೂರಣದ ಗಂಟೆಗಳು × (1 + ಸುರಕ್ಷತೆಯ ಪಾಲು) ÷ ಒಂದು ಬಿನ್‌ನ ಪೀಸ್‌ಗಳು

ಸುರಕ್ಷತೆಗೆ ಶೇಕಡಾ 20 ಇಟ್ಟುಕೊಂಡರೆ, 50 × 8 × 1.2 = 480; ಅದನ್ನು 40ರಿಂದ ಭಾಗಿಸಿದರೆ 12 ಕಾರ್ಡ್. ಭಿನ್ನಾಂಕ ಬಂದರೆ ಮೇಲಿನ ಪೂರ್ಣಾಂಕಕ್ಕೆ ಏರಿಸಬೇಕು. ಇನ್ನು ಮುಂದೆ ಎರಡು ವಿಭಾಗಗಳ ನಡುವೆ 480ಕ್ಕಿಂತ ಹೆಚ್ಚು ಬುಶ್ ಇರುವಂತಿಲ್ಲ. 3,000 ಇದ್ದಲ್ಲಿ 480 ಎಂದಾಗ ಎಲ್ಲರಿಗೂ ಭಯವಾಗುತ್ತದೆ, ಅದು ಸಹಜ. ಆದ್ದರಿಂದ ಮೊದಲ ವಾರಗಳಲ್ಲಿ ಇನ್ನೆರಡು ಕಾರ್ಡ್ ಹೆಚ್ಚಿಗೆ ಬಿಟ್ಟು ಆರಂಭಿಸುವುದರಲ್ಲಿ ತಪ್ಪಿಲ್ಲ. ಮುಂದೆ ತೆಗೆಯುವ ದಿನಾಂಕವನ್ನು ಆ ಕಾರ್ಡ್‌ಗಳ ಮೇಲೆಯೇ ಬರೆದಿಡಿ.

ಸುರಕ್ಷತೆಯ ಪಾಲಿಗೆ ಎಲ್ಲ ತೊಂದರೆಗಳನ್ನೂ ತುರುಕಬಾರದು. ಟರ್ನಿಂಗ್‌ನಲ್ಲಿ ನಿರಂತರವಾಗಿ ಶೇಕಡಾ 5 ರಿಜೆಕ್ಷನ್ ಇದ್ದರೆ ಅದನ್ನು ಬಾರ್ ಸ್ಟಾಕಿನ (ಕಚ್ಚಾ ಉಕ್ಕಿನ ಸರಳುಗಳ) ಲೆಕ್ಕದಲ್ಲೂ ಯಂತ್ರದ ಗಂಟೆಗಳ ಲೆಕ್ಕದಲ್ಲೂ ಪ್ರತ್ಯೇಕವಾಗಿ ತೋರಿಸಿ. ಸುರಕ್ಷತೆಯ ಪಾಲು ಇರುವುದು ವಿದ್ಯುತ್ ಕಡಿತ, ಬಳಕೆಯಲ್ಲಿನ ದಿನದಿಂದ ದಿನಕ್ಕಿನ ಏರಿಳಿತ ಮುಂತಾದ ಅನಿಶ್ಚಿತತೆಗೆ ಮಾತ್ರ. ಕಾರಣ ಗೊತ್ತಿರುವ ತೊಂದರೆಯನ್ನು ಅಲ್ಲಿ ಬಚ್ಚಿಟ್ಟರೆ ಅದನ್ನು ಸರಿಪಡಿಸುವ ಒತ್ತಡ ಯಾರ ಮೇಲೂ ಬೀಳುವುದಿಲ್ಲ.

ಕಾರ್ಡ್, ರ್ಯಾಕ್ ಮತ್ತು ಬೋರ್ಡ್

ಕಾರ್ಡಿನ ಮೇಲೆ ಬಿಡಿಭಾಗದ ಸಂಖ್ಯೆ ಮತ್ತು ಹೆಸರು, ಸಾಧ್ಯವಾದರೆ ಚಿತ್ರ, ಬಿನ್‌ನ ಬಗೆ, 40 ಎಂಬ ಸಂಖ್ಯೆ, ಎಲ್ಲಿ ತಯಾರಾಗಬೇಕು, ರ್ಯಾಕಿನ ಯಾವ ಖಾನೆಗೆ ಬರಬೇಕು ಎಂಬುದು, ಮತ್ತು 12ರಲ್ಲಿ ಇದು ಎಷ್ಟನೆಯದು ಎಂಬುದು ಇರಬೇಕು. ಆಪರೇಟರ್‌ಗಳಲ್ಲಿ ಬೇರೆ ರಾಜ್ಯಗಳಿಂದ ಬಂದವರೂ ಇರುತ್ತಾರಾದ್ದರಿಂದ ಚಿತ್ರ ಮತ್ತು ಬಣ್ಣ ಓದಿಗಿಂತ ಮೊದಲು ಕೆಲಸ ಮಾಡುತ್ತವೆ. ಎಣ್ಣೆ, ಕೂಲಂಟ್ ತಾಗುವ ಜಾಗವಾದ್ದರಿಂದ ಲ್ಯಾಮಿನೇಷನ್ ಕಡ್ಡಾಯ, ಬಿನ್‌ಗೆ ಕಾರ್ಡ್ ಸಿಕ್ಕಿಸುವ ಗಟ್ಟಿ ಜಾಗವೂ ಕಡ್ಡಾಯ.

ರ್ಯಾಕ್ ಟರ್ನಿಂಗ್ ವಿಭಾಗದ ಹೊರಬಾಗಿಲಲ್ಲಿ ಇರಲಿ, ಏಕೆಂದರೆ ಮಾಲು ತಯಾರಿಸಿದವರ ಜವಾಬ್ದಾರಿಯಲ್ಲಿದ್ದಾಗಲೇ ಅದು ಹೆಚ್ಚುತ್ತಿರುವುದು ಅವರ ಕಣ್ಣಿಗೆ ಬೀಳುತ್ತದೆ. ಹಿಂದಿನಿಂದ ತುಂಬಿ ಮುಂದಿನಿಂದ ತೆಗೆಯುವ ಇಳಿಜಾರಿನ ರ್ಯಾಕ್ ಆದರೆ ಮೊದಲು ಬಂದದ್ದು ಮೊದಲು ಹೋಗುತ್ತದೆ. ಅಲ್ಲಿ 12 ಬಿನ್‌ಗೆ ಮಾತ್ರ ಜಾಗವಿರಬೇಕು. ಹದಿಮೂರನೆಯದನ್ನು ಇಡಲು ಹೋದವರಿಗೆ ಜಾಗವೇ ಸಿಗಬಾರದು.

ಬೋರ್ಡ್ ಸಿಎನ್‌ಸಿ ಯಂತ್ರದ ಪಕ್ಕದಲ್ಲಿರಲಿ. ಮರಳಿ ಬಂದ ಕಾರ್ಡ್‌ಗಳನ್ನು ಅದರಲ್ಲಿ ಕೆಳಗಿನಿಂದ ಮೇಲಕ್ಕೆ ಸಿಕ್ಕಿಸುತ್ತಾ ಹೋಗಬೇಕು. ನಮ್ಮ 12 ಸ್ಥಾನಗಳನ್ನು ಬಣ್ಣಗಳಿಗೆ ಹೀಗೆ ಹಂಚಬಹುದು: ಬೇರೆ ಬಿಡಿಭಾಗಗಳಿಗಾಗಿ ಕಾಯುವ 4 ಗಂಟೆಯಲ್ಲಿ 200 ಬುಶ್, ಎಂದರೆ 5 ಬಿನ್ ಬಳಕೆಯಾಗುತ್ತದೆ, ಆದ್ದರಿಂದ ಕೆಳಗಿನ 5 ಸ್ಥಾನ ಹಸಿರು. ಕಾರ್ಡ್ ಸಂಗ್ರಹ, ಸೆಟ್ಟಿಂಗ್, ತಯಾರಿ, ಸಾಗಣೆ ಸೇರಿ ಉಳಿದ 4 ಗಂಟೆಯಲ್ಲಿ ಮತ್ತೆ 5 ಬಿನ್, ಆದ್ದರಿಂದ ಮುಂದಿನ 5 ಸ್ಥಾನ ಹಳದಿ. ಸುರಕ್ಷತೆಯ 80 ಬುಶ್ ಎಂದರೆ 2 ಬಿನ್, ಅದು ಕೆಂಪು. ಕಾರ್ಡ್‌ಗಳು ಹಸಿರಿನಲ್ಲಿರುವವರೆಗೆ ಬುಶ್‌ಗೆ ಅವಸರವಿಲ್ಲ, ಬೇರೆ ಕೆಲಸ ಮುಂದುವರಿಯಬಹುದು. ಹಳದಿ ಮುಟ್ಟಿದರೆ ಮುಂದಿನ ಸೆಟ್ಟಿಂಗ್ ಬುಶ್‌ಗೇ. ಕೆಂಪು ಮುಟ್ಟಿದರೆ ಆಪರೇಟರ್ ಕಾಯದೆ ಸೂಪರ್‌ವೈಸರನ್ನು ಕರೆಯಬೇಕು. ಯಂತ್ರದ ಮುಂದೆ ನಿಂತವರು ಯಾರನ್ನೂ ಕೇಳದೆ, ಮುಂದೇನು ಮಾಡಬೇಕೆಂದು ಬೋರ್ಡ್ ನೋಡಿ ತಾವೇ ನಿರ್ಧರಿಸುವಂತಾಗುವುದು ಈ ಪದ್ಧತಿಯ ದೊಡ್ಡ ಲಾಭ, ಮತ್ತು ನನಗೆ ಇದರ ಮೇಲಿರುವ ಪ್ರೀತಿಗೂ ಅದೇ ಕಾರಣ.

ಆರಂಭದ ದಿನ ಮತ್ತು ಮೊದಲ ತಿಂಗಳು

ಆರಂಭದ ದಿನ ಎದುರಾಗುವ ಪ್ರಶ್ನೆ, ಈಗಾಗಲೇ ಇರುವ 3,000 ಬುಶ್‌ಗಳನ್ನು ಏನು ಮಾಡುವುದು ಎಂಬುದು. ಅವುಗಳಲ್ಲಿ 480ನ್ನು 12 ಬಿನ್‌ಗಳಿಗೆ ತುಂಬಿ, ಕಾರ್ಡ್ ಸಿಕ್ಕಿಸಿ, ರ್ಯಾಕಿನಲ್ಲಿಡಿ. ಉಳಿದ 2,520 ಬುಶ್‌ಗಳನ್ನು, ಎಂದರೆ 63 ಬಿನ್‌ಗಳನ್ನು, ಕಾರ್ಡ್ ಇಲ್ಲದೆ ಪ್ರತ್ಯೇಕ ಜಾಗದಲ್ಲಿ ಹಗ್ಗ ಕಟ್ಟಿ ಇಡಿ. ಬೋರ್ಡಿಗೆ ಕಾರ್ಡ್ ಬಂದಾಗಲೆಲ್ಲ ಹೊಸದಾಗಿ ತಯಾರಿಸುವ ಬದಲು ಆ ರಾಶಿಯಿಂದ ಒಂದು ಬಿನ್ ತಂದು, ಕಾರ್ಡ್ ಸಿಕ್ಕಿಸಿ, ರ್ಯಾಕಿಗೆ ಸೇರಿಸಿ. ರಾಶಿ ಕರಗಲು ಮೂರು ದಿನಕ್ಕಿಂತ ಸ್ವಲ್ಪ ಹೆಚ್ಚು ಬೇಕಾಗುತ್ತದೆ, ಆ ದಿನಗಳಲ್ಲಿ ಸಿಎನ್‌ಸಿ ಯಂತ್ರ ಬುಶ್ ತಯಾರಿಸುವಂತಿಲ್ಲ. ಮಾಲೀಕರಿಂದ ಆಪರೇಟರ್‌ವರೆಗೆ ಎಲ್ಲರ ಸಹನೆಗೂ ಮೊದಲ ಪರೀಕ್ಷೆ ಇದೇ ಆಗಿರುವುದರಿಂದ, ಅದನ್ನು ಮುಂಚಿತವಾಗಿಯೇ ಎಲ್ಲರಿಗೂ ಹೇಳಿಟ್ಟಿರಬೇಕು.

ನಿಂತ ಯಂತ್ರವನ್ನು ನೋಡುವುದು ನಮ್ಮಲ್ಲಿ ಬಹಳ ಕಷ್ಟ. ಸಾಲ ಮಾಡಿ ತಂದ ಯಂತ್ರ ಸುಮ್ಮನೆ ನಿಂತರೆ ಕಂತು ಕಟ್ಟುವುದು ಹೇಗೆ ಎಂಬ ಮಾಲೀಕರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಬೇಡಿಕೆ ದಿನಕ್ಕೆ 800 ಆಗಿರುವಾಗ 1,100 ತಯಾರಿಸಿದರೆ ಆ 300ಕ್ಕೆ ಇಂದು ಯಾರೂ ಹಣ ಕೊಡುವುದಿಲ್ಲ. ಅವುಗಳ ಉಕ್ಕಿಗೆ, ವಿದ್ಯುತ್ತಿಗೆ, ಟೂಲಿಂಗಿಗೆ ಮಾತ್ರ ನಾವು ಇಂದೇ ಹಣ ಕೊಟ್ಟಿರುತ್ತೇವೆ. ಇನ್ನೊಂದು ಅಡ್ಡಿ ಇನ್‌ಸೆಂಟಿವ್. ಶಿಫ್ಟಿಗೆ ತಯಾರಿಸಿದ ಪೀಸ್‌ಗಳ ಲೆಕ್ಕದಲ್ಲಿ ಆಪರೇಟರಿಗೆ ಹೆಚ್ಚುವರಿ ಹಣ ಸಿಗುತ್ತಿದ್ದರೆ, ಕಾರ್ಡ್ ಇಲ್ಲ ಎಂದು ಆತ ನಿಲ್ಲಿಸುವುದು ತನ್ನ ಜೇಬಿಗೆ ತಾನೇ ಕತ್ತರಿ ಹಾಕಿಕೊಂಡಂತೆ. ಆ ನಿಯಮವನ್ನು ಬದಲಿಸದೆ ಕಾನ್‌ಬಾನ್ ಆರಂಭಿಸುವುದು ಆಪರೇಟರಿಗೆ ಮಾಡುವ ಅನ್ಯಾಯ. ಇನ್‌ಸೆಂಟಿವನ್ನು ಡಿಸ್ಪ್ಯಾಚ್ ಆದ ಒಳ್ಳೆಯ ಮಾಲಿಗೆ, ಇಡೀ ಸಾಲಿನವರಿಗೆ ಒಟ್ಟಾಗಿ ಸಿಗುವಂತೆ ಮಾಡಿದ ಮೇಲೆಯೇ ಮುಂದುವರಿಯಿರಿ. ಕಾರ್ಡ್ ಇಲ್ಲದ ಹೊತ್ತಿನಲ್ಲಿ ಮಾಡಲು ಕೆಲಸವೂ ಇರಬೇಕು: ಮುಂದಿನ ಸೆಟ್ಟಿಂಗಿನ ಟೂಲ್‌ಗಳನ್ನು ಜೋಡಿಸಿಡುವುದು, ಚಿಪ್ ಟ್ರೇ ಮತ್ತು ಕೂಲಂಟ್ ಟ್ಯಾಂಕ್ ಶುಚಿ ಮಾಡುವುದು, ಗ್ರೈಂಡಿಂಗ್ ಯಂತ್ರ ನಡೆಸಲು ಕಲಿಯುವುದು.

ದಿನದ ನಡೆಗೆ ನಿಯಮಗಳು ಕೆಲವೇ, ಆದರೆ ಒಂದಕ್ಕೂ ವಿನಾಯಿತಿ ಇಲ್ಲ. ಗ್ರೈಂಡಿಂಗ್‌ನವರು ಬಿನ್ ಎತ್ತಿಕೊಂಡಾಗಲೇ, ಅದರ ಮೊದಲ ಪೀಸ್ ಬಳಸುವ ಮೊದಲೇ, ಕಾರ್ಡ್ ಕಳಚಿ ಡಬ್ಬಕ್ಕೆ ಹಾಕಬೇಕು. ಬಿನ್ ಖಾಲಿಯಾದ ಮೇಲೆ ಹಾಕಿದರೆ ಮುಕ್ಕಾಲು ಗಂಟೆಯಷ್ಟು ಸೂಚನೆ ತಡವಾಗುತ್ತದೆ. ಕಾರ್ಡ್ ಇಲ್ಲದೆ ಮಾಲು ತಯಾರಾಗಬಾರದು, ಕಾರ್ಡ್ ಇಲ್ಲದ ಬಿನ್ ರ್ಯಾಕಿಗೆ ಬರಬಾರದು. ಕೆಟ್ಟ ಪೀಸ್ ಮುಂದಕ್ಕೆ ಹೋಗಬಾರದು. ಗ್ರೈಂಡಿಂಗ್‌ನಲ್ಲಿ ಟರ್ನಿಂಗ್ ದೋಷ ಸಿಕ್ಕರೆ ಬಿನ್ ಹಿಡಿದುಕೊಂಡೇ ಹಿಂದಿನ ವಿಭಾಗಕ್ಕೆ ಹೋಗಿ ತೋರಿಸಬೇಕು. ನಡುವೆ 12 ಬಿನ್ ಮಾತ್ರ ಇರುವುದರಿಂದ ದೋಷ ಈಗ ಅದೇ ದಿನ ಪತ್ತೆಯಾಗುತ್ತದೆ, ಮತ್ತು ಅದನ್ನು ಮಾಡಿದವರು ಇನ್ನೂ ಯಂತ್ರದ ಮುಂದೆಯೇ ಇರುವ ಸಾಧ್ಯತೆ ಹೆಚ್ಚು.

ಪ್ರತಿದಿನ ಬೆಳಿಗ್ಗೆ ಶಿಫ್ಟ್ ಆರಂಭಕ್ಕೆ ಮೊದಲು ಕಾರ್ಡ್‌ಗಳನ್ನು ಎಣಿಸಿ: ರ್ಯಾಕಿನ ಬಿನ್‌ಗಳಲ್ಲಿ, ಡಬ್ಬದಲ್ಲಿ, ಬೋರ್ಡಿನಲ್ಲಿ, ಯಂತ್ರದ ಬಳಿ ಸೇರಿ 12 ಇರಬೇಕು. ಎರಡು ನಿಮಿಷದ ಈ ಕೆಲಸವನ್ನು ಬಿಟ್ಟವರು ಪದ್ಧತಿಯನ್ನೇ ಬಿಟ್ಟಂತೆ. ಒಂದು ಕಾರ್ಡ್ ಕಳೆದರೆ 40 ಬುಶ್‌ಗಳ ರಕ್ಷಣೆ ಸದ್ದಿಲ್ಲದೆ ಹೋಗುತ್ತದೆ. ಯಾರಾದರೂ ಒಂದನ್ನು ಜೆರಾಕ್ಸ್ ಮಾಡಿ ಸೇರಿಸಿದರೆ ದಾಸ್ತಾನು ಸದ್ದಿಲ್ಲದೆ ಏರುತ್ತದೆ. ಅದಕ್ಕಾಗಿಯೇ ಪ್ರತಿ ಕಾರ್ಡಿಗೂ ಕ್ರಮಸಂಖ್ಯೆ ಬೇಕು, ಮತ್ತು ಹೊಸ ಕಾರ್ಡ್ ಕೊಡುವ ಅಧಿಕಾರ ಒಬ್ಬರಿಗೇ ಇರಬೇಕು.

ತಿಂಗಳ ಕೊನೆಯ ವಾರದಲ್ಲಿ ಅರ್ಧ ತಿಂಗಳ ಮಾಲನ್ನು ಕೇಳುವ ಗ್ರಾಹಕರು ನಮ್ಮಲ್ಲಿ ಅಪರೂಪವಲ್ಲ. ಸಮನಾದ ಬಳಕೆಯನ್ನು ನಂಬಿ ಲೆಕ್ಕ ಹಾಕಿದ 12 ಕಾರ್ಡ್‌ಗಳು ಆ ವಾರ ಸಾಲುವುದಿಲ್ಲ. ಗ್ರಾಹಕರೊಡನೆ ಮಾತನಾಡಿ ವಾರದಿಂದ ವಾರಕ್ಕೆ ಸಮನಾಗಿಸುವುದು ಮೊದಲ ದಾರಿ. ಅದು ಆಗದಿದ್ದರೆ ಬೇರೆ ಬಣ್ಣದ, ಮುಕ್ತಾಯದ ದಿನಾಂಕ ಬರೆದ ತಾತ್ಕಾಲಿಕ ಕಾರ್ಡ್‌ಗಳನ್ನು ಒಂದು ವಾರ ಮೊದಲು ಬಿಟ್ಟು, ತಿಂಗಳು ಮುಗಿದೊಡನೆ ಹಿಂದಕ್ಕೆ ತೆಗೆದುಕೊಳ್ಳಿ. ತಿಂಗಳ ಯೋಜನೆಯನ್ನೇ ಬಿಟ್ಟುಬಿಡಬಹುದು ಎಂದು ಕೆಲವರು ತಿಳಿಯುತ್ತಾರೆ, ಅದು ತಪ್ಪು. ಬಾರ್ ಸ್ಟಾಕ್ ತರಿಸಲು, ಜನರನ್ನು ನಿಯೋಜಿಸಲು, ಕಾರ್ಡ್‌ಗಳ ಸಂಖ್ಯೆಯನ್ನು ಮತ್ತೆ ಲೆಕ್ಕ ಹಾಕಲು ಯೋಜನೆ ಬೇಕೇ ಬೇಕು. ಇಂದು ಈ ಗಂಟೆಯಲ್ಲಿ ಯಾವುದನ್ನು ತಯಾರಿಸಬೇಕು ಎಂಬುದನ್ನು ಮಾತ್ರ ಕಾರ್ಡ್ ಹೇಳುತ್ತದೆ.

ಕಾರ್ಡ್ ತೆಗೆಯುವ ಕೆಲಸ

ಕೆಂಪು ಒಮ್ಮೆಯೂ ಮುಟ್ಟದೆ ಕೆಲವು ವಾರ ಕಳೆದರೆ ಒಂದು ಕಾರ್ಡ್ ತೆಗೆಯಿರಿ. ತೊಂದರೆ ಬಂದರೆ ಅದರ ಕಾರಣವನ್ನು ಬರೆದಿಟ್ಟು ಸರಿಪಡಿಸಿ, ಆಮೇಲೆ ಇನ್ನೊಂದು ತೆಗೆಯಿರಿ. ಕಾರ್ಡ್‌ಗಳನ್ನು ನಿಜವಾಗಿ ಕಡಿಮೆ ಮಾಡುವುದು ಮರುಪೂರಣದ ಕಾಲವನ್ನು ಇಳಿಸುವುದರಿಂದ, ಮತ್ತು ಅದರಲ್ಲಿ ಮೊದಲು ಕೈಹಾಕಬೇಕಾದದ್ದು ಸೆಟ್ಟಿಂಗ್. ಟೂಲ್‌ಗಳನ್ನು ಮೊದಲೇ ಹೋಲ್ಡರ್‌ಗಳಲ್ಲಿ ಕೂರಿಸಿಟ್ಟು, ಚಕ್‌ನ ಜಾಗಳನ್ನು (ಮಾಲನ್ನು ಬಿಗಿಹಿಡಿಯುವ ದವಡೆಗಳನ್ನು) ಸಿದ್ಧವಾಗಿಟ್ಟು, ಯಂತ್ರ ನಿಂತ ಮೇಲೆಯೇ ಮಾಡಲೇಬೇಕಾದ ಕೆಲಸವನ್ನು ಮಾತ್ರ ಆಗ ಮಾಡಿದರೆ ಒಂದು ಗಂಟೆಯ ಸೆಟ್ಟಿಂಗ್ ಕಾಲು ಗಂಟೆಗೆ ಇಳಿಯುವುದು ಅಸಾಧ್ಯವೇನಲ್ಲ. ಆಗ ನಮ್ಮ ಉದಾಹರಣೆಯ ಮರುಪೂರಣ 5.75 ಗಂಟೆಯಾಗಿ 9 ಕಾರ್ಡ್ ಸಾಕಾಗುತ್ತದೆ. ಉಳಿದ ಸಮಯದಲ್ಲಿ ಮೂರೂ ಬಿಡಿಭಾಗಗಳನ್ನು ದಿನಕ್ಕೆ ಎರಡು ಸುತ್ತು ಮಾಡಿದರೆ 4.75 ಗಂಟೆ, 8 ಕಾರ್ಡ್. ಈ ಹಂತದಲ್ಲಿ ನಿಂತು ಲೆಕ್ಕವನ್ನು ಮತ್ತೆ ನೋಡಿದರೆ, 4.75ರಲ್ಲಿ 2 ಗಂಟೆ ಕಾರ್ಡ್ ಡಬ್ಬದಲ್ಲಿ ಬಿದ್ದಿರುವ ಸಮಯ ಎಂಬುದು ಕಾಣುತ್ತದೆ. ಸಂಗ್ರಹವನ್ನು ಗಂಟೆಗೊಮ್ಮೆ ಮಾಡಿದರೆ 3.75 ಗಂಟೆ, 6 ಕಾರ್ಡ್. ಹೊಸ ಯಂತ್ರ ಕೊಳ್ಳದೆ 12 ಕಾರ್ಡ್ 6 ಆಗುವುದು ಹೀಗೆ. ಪ್ರತಿ ಹಂತದಲ್ಲೂ ಬಣ್ಣಗಳ ಹಂಚಿಕೆಯನ್ನು ಮತ್ತೆ ಲೆಕ್ಕ ಹಾಕಿ ಬೋರ್ಡ್ ಬದಲಿಸುವುದನ್ನು ಮರೆಯಬೇಡಿ.

ಎಲ್ಲಕ್ಕೂ ಇದೇ ಬಗೆಯ ಕಾರ್ಡ್ ಬೇಕಿಲ್ಲ. ಬೋಲ್ಟ್, ವಾಷರ್, ಇನ್‌ಸರ್ಟ್, ಕೈಗವಸುಗಳಿಗೆ ಸಿಲಿಂಡರಿನಂತೆ ಎರಡು ಬಿನ್ ಸಾಕು. ಒಂದು ಖಾಲಿಯಾದರೆ ಅದನ್ನೇ ಸ್ಟೋರ್ಸ್‌ಗೆ ಕಳುಹಿಸಬೇಕು. ಡೈ ಬದಲಿಸಲು ಬಹಳ ಹೊತ್ತು ಹಿಡಿಯುವ ಪ್ರೆಸ್‌ನಂತಹ ಯಂತ್ರದಲ್ಲಿ ಬಿನ್ನಿಗೊಂದು ಕಾರ್ಡ್ ಬದಲು, ಬಿನ್‌ಗಳ ಸಾಲಿನಲ್ಲಿ ನಿಗದಿಯಾದ ಜಾಗಕ್ಕೆ ಒಂದು ತ್ರಿಕೋನ ಫಲಕ ತೂಗುಹಾಕುತ್ತಾರೆ; ಬಳಕೆ ಅಲ್ಲಿಗೆ ತಲುಪಿದಾಗ ಫಲಕ ಪ್ರೆಸ್ಸಿಗೆ ಹೋಗಿ ಒಂದು ಪೂರ್ತಿ ಲಾಟ್ ತಯಾರಾಗುತ್ತದೆ.

ಕಾರ್ಖಾನೆಯ ಹೊರಗಿನ ಸುತ್ತು

ಒಳಗಿನ ಸುತ್ತುಗಳು ನೆಲೆಗೊಂಡ ಮೇಲೆ ಮಾತ್ರ ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್ ಮುಂತಾದ ಹೊರಗಿನ ಜಾಬ್ ವರ್ಕಿಗೆ ಹೋಗಿ. ಲೆಕ್ಕ ಅದೇ, ಕಾಲ ಮಾತ್ರ ಉದ್ದ. ವಾಹನ ದಿನಕ್ಕೊಮ್ಮೆ ಹೋಗಿ ಬಂದು, ಒಂದು ಬಿನ್ ಮರಳಲು ಎರಡು ಕೆಲಸದ ದಿನ, ಎಂದರೆ 32 ಗಂಟೆ ಬೇಕಾದರೆ, ಅದೇ ಬುಶ್‌ಗೆ 48 ಕಾರ್ಡ್ ಬೇಕಾಗುತ್ತದೆ. ಇಲ್ಲಿ ವಾಹನವನ್ನು ಎರಡು ಬಾರಿ ಕಳುಹಿಸುವ ಖರ್ಚನ್ನು ಕಡಿಮೆಯಾಗುವ ದಾಸ್ತಾನಿನೊಂದಿಗೆ ತೂಗಿ ನೋಡಬೇಕು. ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 1999ರ ಕೊನೆಯಲ್ಲಿ ಉತ್ಪಾದನೆ ಆರಂಭಿಸಿದ ಮೇಲೆ ಎಳೆಯುವ ಪದ್ಧತಿ ನಮ್ಮ ನೆರೆಯಲ್ಲೇ ಕಲಿಯಬಹುದಾದ ವಿಷಯವಾಯಿತು. ಅಂತಹ ಕಾರ್ಖಾನೆಗೆ ಮಾಲು ಒದಗಿಸುವ ಘಟಕದಲ್ಲಿ ಕೆಲಸ ಮಾಡಿದವರು ನಿಮ್ಮ ಸಿಬ್ಬಂದಿಯಲ್ಲಿದ್ದರೆ ಅವರನ್ನು ಮೊದಲ ದಿನದಿಂದಲೇ ಜೊತೆಗೆ ಸೇರಿಸಿಕೊಳ್ಳಿ.

ಒಬ್ಬನೇ ಪೂರೈಕೆದಾರನ ಮೇಲೆ ನಿಂತ ಸುತ್ತಿನಲ್ಲಿ ದಾಸ್ತಾನು ಇಳಿಸುವಾಗ ಎಚ್ಚರವಿರಲಿ. 1997ರ ಫೆಬ್ರವರಿ 1ರಂದು ಜಪಾನಿನ ಕಾರಿಯಾದಲ್ಲಿರುವ ಐಸಿನ್ ಸೇಕಿ ಕಾರ್ಖಾನೆಗೆ ಬೆಂಕಿ ಬಿತ್ತು. ಟೊಯೊಟಾದ ಹೆಚ್ಚಿನ ವಾಹನಗಳ ಬ್ರೇಕಿಗೆ ಬೇಕಾದ ಒಂದು ಚಿಕ್ಕ ವಾಲ್ವ್ ಅಲ್ಲಿ ತಯಾರಾಗುತ್ತಿತ್ತು, ಟೊಯೊಟಾ ಬಳಿ ಇದ್ದದ್ದು ಕೆಲವೇ ಗಂಟೆಗಳ ದಾಸ್ತಾನು, ಹಾಗಾಗಿ ಜಪಾನಿನ ಬಹುತೇಕ ಜೋಡಣಾ ಸಾಲುಗಳು ನಿಂತವು. ಡ್ರಾಯಿಂಗ್‌ಗಳನ್ನು ಹಂಚಿಕೊಂಡು, ಎಂದೂ ಆ ವಾಲ್ವ್ ಮಾಡಿರದ ಅನೇಕ ಕಂಪನಿಗಳು, ಹೊಲಿಗೆ ಯಂತ್ರಗಳಿಗೆ ಹೆಸರಾದ ಬ್ರದರ್ ಸಹ, ತಮ್ಮ ಯಂತ್ರಗಳಲ್ಲಿ ಅದನ್ನು ತಯಾರಿಸಿದವು; ಸುಮಾರು ಒಂದು ವಾರದಲ್ಲಿ ಉತ್ಪಾದನೆ ಮತ್ತೆ ಹಳಿಗೆ ಬಂತು. ನಮ್ಮ ಸಣ್ಣ ಘಟಕಗಳಿಗೆ ಅಂತಹ ಬಳಗ ಇರುವುದಿಲ್ಲ. ಆದ್ದರಿಂದ ಹೊರಗಿನ ಸುತ್ತಿನಲ್ಲಿ ಸುರಕ್ಷತೆಯ ಪಾಲನ್ನು ಹೆಚ್ಚಿಗೆ ಇಡಿ, ಎರಡನೆಯ ಪೂರೈಕೆದಾರರಿಂದ ವರ್ಷಕ್ಕೆ ಕೆಲವು ಲಾಟ್‌ಗಳನ್ನಾದರೂ ಮಾಡಿಸಿ ಒಪ್ಪಿಗೆ ಪಡೆದಿಡಿ.

ಒಂದು ಬಿಡಿಭಾಗದ ಆರ್ಡರ್ ನಿಲ್ಲುವುದು ಖಚಿತವಾದಾಗ ಮಾಡಬೇಕಾದ ಕೆಲಸವನ್ನು ಯಾರೂ ಮೊದಲೇ ಹೇಳಿಕೊಡುವುದಿಲ್ಲ. ಮಾಲು ತಯಾರಾಗುತ್ತಲೇ ಇರುವಾಗ ಕೊನೆಯ ದಿನ ಒಮ್ಮೆಲೇ ನಿಲ್ಲಿಸಿದರೆ ರ್ಯಾಕ್ ತುಂಬಿ ಉಳಿಯುತ್ತದೆ. ಕೊನೆಯ ಡಿಸ್ಪ್ಯಾಚಿಗೆ ಎಷ್ಟು ಬೇಕೆಂದು ತಿಳಿದು, ನಡುವೆ ಇರುವ ಮಾಲು ಅಷ್ಟಕ್ಕೆ ಸಾಕಾಗುವ ದಿನದಿಂದ, ಮರಳಿ ಬಂದ ಪ್ರತಿ ಕಾರ್ಡನ್ನು ಬೋರ್ಡಿಗೆ ಹಾಕದೆ ತೆಗೆದಿರಿಸಿ, ಅದರ ಒಂದು ಮೂಲೆಯನ್ನು ಕತ್ತರಿಸಿ, ಹನ್ನೆರಡೂ ಕೈಸೇರುವವರೆಗೆ ಎಣಿಸುತ್ತಾ ಇಡಿ. ಹನ್ನೆರಡನೆಯ ಕಾರ್ಡ್ ಬಂದ ದಿನ ರ್ಯಾಕಿನ ಆ ಸಾಲು ಖಾಲಿಯಾಗಿರಬೇಕು.